ಯಕೃತ್ತಿನ ಗಡಿಯಾರವನ್ನು ತಿರುಗಿಸುವುದು ಊಟವೋ, ಬೆಳಕೋ?

ಯಕೃತ್ತು ಹಗಲಿರುಳು ಒಂದೇ ಬಗೆಯಲ್ಲಿ ದುಡಿಯುವುದಿಲ್ಲ ಎಂಬುದು ಹಳೆಯ ಅರಿವು. 1920ರ ದಶಕದಲ್ಲೇ ಸ್ವೀಡನ್ನಿನ ಎರಿಕ್ ಫೋರ್ಸ್‌ಗ್ರೆನ್ ಮೊಲಗಳ ಯಕೃತ್ತನ್ನು ಪರೀಕ್ಷಿಸಿ, ಅಲ್ಲಿ ಗ್ಲೈಕೋಜೆನ್ (ಗ್ಲೂಕೋಸ್‌ನ ಶೇಖರಣಾ ರೂಪ) ತುಂಬಿರುವ ಹೊತ್ತಿನಲ್ಲಿ ಪಿತ್ತರಸದ ಉತ್ಪತ್ತಿ ತಗ್ಗಿರುತ್ತದೆ ಎಂದು ತೋರಿಸಿದ್ದರು. ಈ ಏರಿಳಿತವನ್ನು ನಡೆಸುವುದು ಯಾವುದು ಎಂಬ ಪ್ರಶ್ನೆ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು.

1972ರಲ್ಲಿ ಮೆದುಳಿನ ಹೈಪೊಥಲಾಮಸ್ ಎಂಬ ಭಾಗದ ಒಂದು ಪುಟ್ಟ ನರಕೋಶ ಸಮೂಹವೇ ದೇಹದ ಮುಖ್ಯ ಗಡಿಯಾರವೆಂದು, ಅಂದರೆ ದಿನದ ಏರಿಳಿತಗಳನ್ನು ನಡೆಸುವ ವ್ಯವಸ್ಥೆಯೆಂದು, ಗೊತ್ತಾಯಿತು. ಅದಕ್ಕೆ ಕಣ್ಣಿನ ಅಕ್ಷಿಪಟಲದಿಂದ ಬೆಳಕಿನ ಸುದ್ದಿ ನೇರವಾಗಿ ತಲುಪುವುದರಿಂದ, ಉಳಿದ ಅಂಗಗಳೆಲ್ಲ ಅದರ ಆಣತಿಯಂತೆ ನಡೆಯುತ್ತವೆ ಎಂಬ ಭಾವನೆ ಬೇರೂರಿತು. ಆದರೆ 1998ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಉಲಿ ಶಿಬ್ಲರ್ ತಂಡ, ಮೆದುಳಿನ ಸಂಪರ್ಕವೇ ಇಲ್ಲದೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸಾಮಾನ್ಯ ಜೀವಕೋಶಗಳಲ್ಲೂ ದಿನಲಯವನ್ನು (ಸುಮಾರು 24 ಗಂಟೆಗೊಮ್ಮೆ ಮರುಕಳಿಸುವ ಏರಿಳಿತವನ್ನು) ಕಂಡಿತು.

ನಿರ್ಣಾಯಕ ಪ್ರಯೋಗ ನಡೆದದ್ದು 2000ದಲ್ಲಿ. ಇಲಿಗಳು ಸಹಜವಾಗಿ ರಾತ್ರಿ ತಿನ್ನುತ್ತವೆ. ಅದೇ ತಂಡ ಅವುಗಳಿಗೆ ಹಗಲಿನಲ್ಲಿ ಮಾತ್ರ ಆಹಾರ ಕೊಟ್ಟಿತು. ಬೆಳಕು-ಕತ್ತಲೆಯ ಸರದಿ ಬದಲಾಗದ ಕಾರಣ ಮೆದುಳಿನ ಗಡಿಯಾರ ಕದಲಲಿಲ್ಲ, ಯಕೃತ್ತಿನದು ಮಾತ್ರ ತಲೆಕೆಳಗಾಯಿತು. ಮರುವರ್ಷ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ದಿನಕ್ಕೆ ನಾಲ್ಕೇ ಗಂಟೆ ಆಹಾರ ಸಿಗುವ ಇಲಿಗಳ ಯಕೃತ್ತಿನ ಲಯ ಎರಡು ದಿನಗಳೊಳಗೆ ಹತ್ತು ಗಂಟೆಯಷ್ಟು ಸರಿದುದನ್ನು ವರದಿ ಮಾಡಿದರು. ಉಂಡ ಬಳಿಕ ಏರುವ ಇನ್ಸುಲಿನ್, ಜೀವಕೋಶದ ಗಡಿಯಾರವನ್ನು ನಡೆಸುವ ಪ್ರೋಟೀನುಗಳನ್ನೂ ಹೆಚ್ಚಿಸುತ್ತದೆ ಎಂಬ ವಿವರಣೆ 2019ರಲ್ಲಿ ದೊರೆಯಿತು.

ಇಷ್ಟರಿಂದ ಯಕೃತ್ತಿನ ಮಟ್ಟಿಗೆ ಬೆಳಕನ್ನು ಬದಿಗಿಡಬಹುದು ಎಂದುಕೊಂಡರೆ ಅದು ಅವಸರದ ತೀರ್ಮಾನವಾದೀತು. 2019ರಲ್ಲೇ ಸಂಶೋಧಕ ಪಾವ್ಲೊ ಸಾಸ್ಸೋನೆ-ಕೋರ್ಸಿ ಮತ್ತು ಸಂಗಡಿಗರು, ಯಕೃತ್ತೊಂದನ್ನು ಬಿಟ್ಟು ಬೇರೆಲ್ಲೂ ಗಡಿಯಾರ ನಡೆಯದ ಇಲಿಗಳನ್ನು ರೂಪಿಸಿದರು. ಬೆಳಕು-ಕತ್ತಲೆಯ ಸರದಿಯಿದ್ದಾಗ ಅವುಗಳ ಯಕೃತ್ತು ಗ್ಲೈಕೋಜೆನ್ ನಿರ್ವಹಣೆಯೂ ಸೇರಿದಂತೆ ಕೆಲವು ಕೆಲಸಗಳಲ್ಲಿ ಲಯ ಉಳಿಸಿಕೊಂಡಿತು; ಸದಾ ಕತ್ತಲೆಯಲ್ಲಿಟ್ಟಾಗ ಆ ಲಯವೂ ಅಳಿಯಿತು. 2021ರಲ್ಲಿ ಅದೇ ಬಗೆಯ ಇಲಿಗಳಿಗೆ ಹೊತ್ತುಹೊತ್ತಿಗೆ ಆಹಾರ ಕೊಟ್ಟು ನೋಡಿದಾಗ ಕಾರ್ಬೋಹೈಡ್ರೇಟ್ ನಿರ್ವಹಣೆ ಸರಿಹೋಯಿತು. ಕೊಬ್ಬಿಗೆ ಸಂಬಂಧಿಸಿದ ಲಯಕ್ಕೆ ಸ್ನಾಯುಗಳ ಗಡಿಯಾರದ ನೆರವೂ ಬೇಕಾಯಿತು.

ಮನುಷ್ಯರ ಯಕೃತ್ತಿನೊಳಗೆ ಹೀಗೆ ಇಣುಕಲಾಗದು. ರಕ್ತದ ಸೂಚಕಗಳನ್ನೇ ನಂಬಬೇಕು. ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದಲ್ಲಿ ಹತ್ತು ಆರೋಗ್ಯವಂತ ಯುವಕರ ಊಟವನ್ನು ಐದು ಗಂಟೆ ತಡಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೆದುಳಿನ ಗಡಿಯಾರದ ಗುರುತಾದ ಮೆಲಟೋನಿನ್ ಹಾರ್ಮೋನು ತನ್ನ ಹೊತ್ತಿಗೇ ಏರಿತು, ಆದರೆ ರಕ್ತದ ಗ್ಲೂಕೋಸ್‌ನ ಲಯ ಐದು ಗಂಟೆಗಿಂತಲೂ ತುಸು ಹೆಚ್ಚೇ ಹಿಂದೆ ಬಿತ್ತು. ರಾತ್ರಿ ಪಾಳಿಯಲ್ಲಿ ದುಡಿಯುವವರ ದೇಹದಲ್ಲಿ ಇಂಥ ಒಡಕು ವರ್ಷಗಟ್ಟಲೆ ಮರುಕಳಿಸುತ್ತಿರಬಹುದು ಎಂಬ ಕಾರಣಕ್ಕೇ ಈ ಸಂಶೋಧನೆ ಪ್ರಯೋಗಾಲಯದಾಚೆಗೂ ತುರ್ತಿನದು.