ನಾಲಿಗೆ ತುದಿಯಲ್ಲಿ ನಿಂತ ರವಿಕೀರ್ತಿ

ಐಹೊಳೆ ಶಾಸನವನ್ನು ಬರೆದ ಕವಿ ಯಾರು? ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಸಂಜೆ ಹೊತ್ತು ಕ್ವಿಜ್‌ಗೆ ಕೂತ ಟೀಮಿಗೆ ಈ ಪ್ರಶ್ನೆ ಕೇಳಿ ನೋಡಿ. ಮೇಗುತಿ ಗುಡಿ ಕಣ್ಣ ಮುಂದೆ ಬರುತ್ತದೆ. ಇಮ್ಮಡಿ ಪುಲಕೇಶಿ ಬರುತ್ತಾನೆ, ಸೋತ ಹರ್ಷ ಬರುತ್ತಾನೆ, ಕ್ರಿ.ಶ. 634 ಕೂಡ ನೆನಪಾಗುತ್ತದೆ. ಹೆಸರು ಮಾತ್ರ ಬರುವುದಿಲ್ಲ. "ಗೊತ್ತೈತ್ರಿ, ನಾಲಿಗಿ ತುದಿಯಾಗ ಐತಿ, ಹೊರಗ ಬರವಲ್ದು. ರವಿ... ರವಿ ಏನೋ" ಎಂದು ಒಬ್ಬರು ಹಣೆ ಉಜ್ಜಿಕೊಳ್ಳುತ್ತಾರೆ. ಪಕ್ಕದವರು "ರವಿವರ್ಮ?" ಎಂದು ಕೇಳುತ್ತಾರೆ. ಅಲ್ಲ ಎಂದು ಮೊದಲನೆಯವರು ತಟ್ಟನೆ ತಲೆ ಅಲ್ಲಾಡಿಸುತ್ತಾರೆ. ಸರಿ ಉತ್ತರವೇ ಬಾರದವರಿಗೆ ಇದು ತಪ್ಪು ಅಂತ ಅಷ್ಟು ಬೇಗ ಹೇಗೆ ತಿಳಿಯಿತು?

1966ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಅಪರೂಪದ ಪದಗಳ ಅರ್ಥವನ್ನಷ್ಟೇ ಓದಿ ಹೇಳಿ, ಪದ ಯಾವುದು ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಪದ ಹೊಳೆಯದೆ ಒದ್ದಾಡುತ್ತಿದ್ದವರಿಗೆ ಅದರ ಮೊದಲ ಅಕ್ಷರ ಯಾವುದು ಅಂತ ಕೇಳಿದರೆ, ಅರ್ಧಕ್ಕಿಂತ ಜಾಸ್ತಿ ಸಲ ಸರಿಯಾಗಿ ಹೇಳಿದರು. ಪದ ಎಷ್ಟು ಉದ್ದ ಎಂಬುದೂ ಅವರಿಗೆ ಸುಮಾರಾಗಿ ಗೊತ್ತಿತ್ತು. ಅಂದರೆ ನೆನಪು ಪೂರ್ತಿ ಇರುವುದು ಅಥವಾ ಪೂರ್ತಿ ಇಲ್ಲದಿರುವುದು ಎಂಬ ಎರಡೇ ಸ್ಥಿತಿಯಲ್ಲಿ ಇರುವುದಿಲ್ಲ. ಒಂದು ಹೆಸರಿನ ಅರ್ಥ, ಅದರ ಹಿನ್ನೆಲೆ ಮಿದುಳಿನಲ್ಲಿ ಒಂದು ಜಾಲದಲ್ಲಿ ಇರುತ್ತದೆ. ಅದರ ಉಚ್ಚಾರ ಇನ್ನೊಂದು ಜಾಲದಲ್ಲಿ. ಎರಡರ ನಡುವಿನ ಕೊಂಡಿ ಬಳಕೆಯಿಲ್ಲದೆ ಸಡಿಲವಾದಾಗ ಅರ್ಥ ಸಿಗುತ್ತದೆ, ಸದ್ದು ಸಿಗುವುದಿಲ್ಲ. ಜನರ ಹೆಸರುಗಳು ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಸತಾಯಿಸುತ್ತವೆ. ವಯಸ್ಸಾದಂತೆ ಈ ಕಾಟ ಹೆಚ್ಚುವುದೂ ಸಹಜ.

ಇನ್ನೂ ಸ್ವಲ್ಪ ಹೊತ್ತು ಕೊಟ್ಟರೆ ಹೊಳೆದೀತು ಎಂದು ಕ್ವಿಜ್ ಮಾಸ್ಟರ್ ಸುಮ್ನೆ ಕಾಯುವುದುಂಟು. ಕಾಯದಿರುವುದೇ ಒಳ್ಳೆಯದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಆಮಿ ಬೆತ್ ವಾರಿನರ್ ಮತ್ತು ಕ್ಯಾರಿನ್ ಹಂಫ್ರೀಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದ ಸಿಗದೆ ತಡಕಾಡುತ್ತಿದ್ದವರಿಗೆ ಕೆಲವು ಸಲ 10 ಸೆಕೆಂಡು, ಕೆಲವು ಸಲ 30 ಸೆಕೆಂಡು ಬಿಟ್ಟು ಉತ್ತರ ತೋರಿಸಿದರು. ಎರಡು ದಿನ ಬಿಟ್ಟು ಮತ್ತೆ ಕೇಳಿದಾಗ, 30 ಸೆಕೆಂಡು ಒದ್ದಾಡಿದ್ದ ಪದಗಳಲ್ಲೇ ಜನ ಮತ್ತೆ ಜಾಸ್ತಿ ಸಿಕ್ಕಿಬಿದ್ದರು. ಕಾಲ ಹೋದಷ್ಟೂ ಅವರು ದಾರಿ ತಪ್ಪುವುದನ್ನೇ ಅಭ್ಯಾಸ ಮಾಡಿಕೊಂಡಿದ್ದರು. ಹಾಗಾಗಿ "ರವಿ" ವರೆಗೆ ಬಂದವರಿಗೆ "ಕೀ" ಎಂಬ ಒಂದು ಅಕ್ಷರ ಕೊಟ್ಟುಬಿಡಿ. ರವಿಕೀರ್ತಿ ಎಂದು ಅವರ ಬಾಯಿಂದಲೇ ಬರಲಿ.

ಹಾಗಂತ ಯೋಚಿಸುವ ಶ್ರಮ ವ್ಯರ್ಥ ಅಂತ ಅಲ್ಲ. ಅರ್ಧ ಹೊಳೆದ ಪದದ ಹಿಂದೆ ಬಿದ್ದು ಒದ್ದಾಡುವುದು ಬೇರೆ, ಪುಸ್ತಕ ಮುಚ್ಚಿ ಉತ್ತರವನ್ನು ತಲೆಯೊಳಗಿಂದ ತೆಗೆಯಲು ನೋಡುವುದು ಬೇರೆ. ಎರಡನೆಯದರಷ್ಟು ನೆನಪನ್ನು ಗಟ್ಟಿ ಮಾಡುವ ಉಪಾಯ ಕಡಿಮೆ. ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಅರ್ಥದ ಜೊತೆ ಕಲಿಸಿದರು. ಒಂದು ಪದ ಒಮ್ಮೆ ಬಂತು ಎಂದಾದ ಮೇಲೆ, ಕೆಲವರು ಅದನ್ನು ಓದುತ್ತಲೇ ಹೋದರು, ಆದರೆ ಅದರ ಪರೀಕ್ಷೆ ಮತ್ತೆ ಮಾಡಲಿಲ್ಲ. ಇನ್ನು ಕೆಲವರು ಅದನ್ನು ಮತ್ತೆ ಓದಲೇ ಇಲ್ಲ, ಆದರೆ ಪ್ರತಿ ಸುತ್ತಿನಲ್ಲೂ ಉತ್ತರ ಹೇಳಬೇಕಿತ್ತು. ಒಂದು ವಾರ ಬಿಟ್ಟು ನೋಡಿದರೆ, ಉತ್ತರ ಹೇಳುತ್ತಾ ಬಂದವರಿಗೆ ಸುಮಾರು 80 ಪ್ರತಿಶತ ನೆನಪಿತ್ತು. ಓದುತ್ತಾ ಬಂದವರಿಗೆ ಮೂರರಲ್ಲಿ ಒಂದು ಭಾಗಕ್ಕಿಂತ ತುಸು ಜಾಸ್ತಿ, ಅಷ್ಟೇ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ವಾರದ ನಂತರ ಎಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಅರ್ಧ ಎಂದೇ ಅಂದಾಜು ಮಾಡಿದ್ದರು. ಯಾವ ವಿಧಾನ ನಮ್ಮನ್ನು ಕೈಹಿಡಿಯುತ್ತಿದೆ ಎಂಬುದು ಕಲಿಯುವವರಿಗೇ ಗೊತ್ತಾಗುವುದಿಲ್ಲ.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ವಿಜಯಪುರದ ಲೈಬ್ರರಿಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರನ್ನು ನೋಡಿ. ಸಾಮಾನ್ಯ ಜ್ಞಾನದ ಪುಸ್ತಕವನ್ನು ಹಳದಿ ಸ್ಕೆಚ್ ಪೆನ್ನಿನಿಂದ ಗೆರೆ ಹಾಕಿ ಹಾಕಿ ತಿರುವಿಹಾಕುತ್ತಾರೆ. ಎರಡನೇ ಸಲ ಓದಿದಾಗ ಸಾಲುಗಳು ಪರಿಚಿತ ಅನ್ನಿಸುತ್ತವೆ. ಆ ಪರಿಚಯವನ್ನೇ ಅವರು ಜ್ಞಾನ ಅಂದುಕೊಳ್ಳುತ್ತಾರೆ. ಅವರಲ್ಲಿ ನಾಲ್ಕು ಜನ ವಾರಕ್ಕೊಮ್ಮೆ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿದರೆ ಸಾಕು, ಒಂಟಿಯಾಗಿ ಅಷ್ಟೇ ಹೊತ್ತು ಓದಿದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ಉತ್ತರ ತಪ್ಪಾದರೂ ಅಡ್ಡಿಯಿಲ್ಲ. ಮೊದಲು ಊಹಿಸಿ, ತಪ್ಪಾಗಿ, ಆಮೇಲೆ ಸರಿ ಉತ್ತರ ತಿಳಿದರೆ ಅದು ಸುಮ್ಮನೆ ಓದಿ ತಿಳಿದಿದ್ದಕ್ಕಿಂತ ಚೆನ್ನಾಗಿ ನೆನಪಿರುತ್ತದೆ ಎಂದು 2009ರ ಸುಮಾರಿಗೆ ಬಂದ ಹಲವು ಅಧ್ಯಯನಗಳು ತೋರಿಸಿವೆ. ಸರಿ ಉತ್ತರ ಕೊನೆಗೆ ಸಿಗಲೇಬೇಕು ಎಂಬುದೊಂದೇ ಷರತ್ತು.

ಪ್ರಶ್ನೆಯನ್ನು ಹೇಗೆ ಕೇಳುತ್ತೇವೆ ಎಂಬುದೂ ಮುಖ್ಯ. "ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಎಲ್ಲಿ, ಯಾವಾಗ ನಡೆಯಿತು?" ಬೆಳಗಾವಿ, 1924 ಎಂದು ಈ ಕಡೆಯ ಯಾರಾದರೂ ಹೇಳುತ್ತಾರೆ. ಹೇಳಿ ಮರೆಯುತ್ತಾರೆ. ಅದನ್ನೇ "ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಂದು ಬಾವಿಗೆ ಕಾಂಗ್ರೆಸ್ ಬಾವಿ ಅಂತ ಹೆಸರು ಯಾಕೆ ಬಂತು?" ಎಂದು ಕೇಳಿ. ಈಗ ಕುತೂಹಲ ಏಳುತ್ತದೆ. ಅಧಿವೇಶನಕ್ಕೆ ಬರುವ ಜನರಿಗೆ ನೀರು ಬೇಕೆಂದು ತೋಡಿದ ಬಾವಿ ಅದು ಎಂದು ಗೊತ್ತಾದವರು ಇಸವಿಯನ್ನೂ ಜೊತೆಗೇ ಹಿಡಿದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮಥಿಯಾಸ್ ಗ್ರೂಬರ್ ಮತ್ತು ಸಂಗಡಿಗರು 2014ರಲ್ಲಿ ಇಂಥ ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನೇ ಇಟ್ಟುಕೊಂಡು ಜನರ ಮಿದುಳಿನ ಸ್ಕ್ಯಾನ್ ಮಾಡಿದರು. ಪ್ರಶ್ನೆ ತೋರಿಸಿ, ಉತ್ತರಕ್ಕೆ 14 ಸೆಕೆಂಡು ಕಾಯಿಸಿ, ನಡುವೆ ಯಾರದೋ ಒಂದು ಮುಖದ ಚಿತ್ರ ತೋರಿಸುತ್ತಿದ್ದರು. ಕುತೂಹಲ ಜಾಸ್ತಿ ಇದ್ದಾಗ ಉತ್ತರ ಚೆನ್ನಾಗಿ ನೆನಪಿತ್ತು, ಅದು ನಿರೀಕ್ಷಿತವೇ. ಪ್ರಶ್ನೆಗೆ ಯಾವ ಸಂಬಂಧವೂ ಇಲ್ಲದ ಆ ಮುಖ ಕೂಡ ಹೆಚ್ಚು ನೆನಪಿತ್ತು! ಬಹುಮಾನ ಸಿಗುವ ನಿರೀಕ್ಷೆಯಲ್ಲಿ ಚುರುಕಾಗುವ ಡೋಪಮೈನ್ ಜಾಲವೇ ಇಲ್ಲೂ ಚುರುಕಾಗಿತ್ತು. ಅದು ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗದ ಜೊತೆ ಸೇರಿ ಕೆಲಸ ಮಾಡುತ್ತಿತ್ತು.

ಈಗ ಕ್ವಿಜ್‌ನ ಅಪಾಯಕಾರಿ ಮುಖಕ್ಕೆ ಬರೋಣ. "ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ ಯಾವುದು?" ಗೋಳಗುಮ್ಮಟ ಎಂದು ಕರ್ನಾಟಕದ ಮಕ್ಕಳೆಲ್ಲ ಹೇಳುತ್ತಾರೆ. ಅಳತೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಗೋಳಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ರೋಮ್‌ನ ಪ್ಯಾಂಥಿಯಾನ್ 43 ಮೀಟರಿಗಿಂತ ಜಾಸ್ತಿ. ಸಂತ ಪೀಟರ್ ಚರ್ಚಿನ ಗುಮ್ಮಟ 41ಕ್ಕಿಂತ ಜಾಸ್ತಿ. ಫ್ಲಾರೆನ್ಸ್‌ನ ಕ್ಯಾಥಡ್ರಲ್ 45ರ ಆಸುಪಾಸು. ಹಳೆಯ ಕಾಲದ ಗುಮ್ಮಟಗಳನ್ನಷ್ಟೇ ಲೆಕ್ಕಕ್ಕೆ ತಗೊಂಡರೂ ಎರಡನೇ ಸ್ಥಾನ ಸಿಗುವುದಿಲ್ಲ. ಇನ್ನು ಸಿಂಗಪುರದ ಕ್ರೀಡಾಂಗಣದ ಈಗಿನ ಗುಮ್ಮಟ 310 ಮೀಟರ್ ಅಗಲವಿದೆ. ಗೋಳಗುಮ್ಮಟದ ಹೊರ ಅಳತೆ 44 ಮೀಟರ್ ನಿಜ. ಆದರೆ ಒಂದರ ಹೊರ ಅಳತೆಯನ್ನು ಇನ್ನೊಂದರ ಒಳ ಅಳತೆಗೆ ಹೋಲಿಸುವುದು ನ್ಯಾಯವಲ್ಲ.

ಹಾಗಾದರೆ ಎಲ್ಲರೂ ಯಾಕೆ ನಂಬುತ್ತೇವೆ? ಮತ್ತೆ ಮತ್ತೆ ಕೇಳಿದ್ದರಿಂದ. 1977ರಲ್ಲಿ ಲಿನ್ ಹ್ಯಾಶರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ನಿಜವಿರಬಹುದು, ಸುಳ್ಳಿರಬಹುದು ಎನ್ನುವಂಥ ಸಾಮಾನ್ಯ ಜ್ಞಾನದ ವಾಕ್ಯಗಳನ್ನು ಎರಡು ವಾರಕ್ಕೊಮ್ಮೆ, ಮೂರು ಸಲ ಕೊಟ್ಟರು. ಮರಳಿ ಬಂದ ವಾಕ್ಯಗಳ ಮೇಲೆ ನಂಬಿಕೆ ಪ್ರತಿ ಸಲವೂ ಏರುತ್ತಾ ಹೋಯಿತು. ಅವು ಸುಳ್ಳಾಗಿದ್ದರೂ ಅಷ್ಟೇ. 2015ರ ಇನ್ನೊಂದು ಅಧ್ಯಯನದ ಪ್ರಕಾರ, ಸತ್ಯ ಗೊತ್ತಿರುವವರನ್ನೂ ಈ ಪರಿಣಾಮ ಬಿಡುವುದಿಲ್ಲ. ಸಲೀಸಾಗಿ ತಲೆಗೆ ಬರುವುದನ್ನು ಮಿದುಳು ನಿಜ ಅಂತ ಎಣಿಸುತ್ತದೆ. ಪ್ರಶ್ನೆ ತಯಾರಿಸುವವರು ಹಳೆಯ ಪುಸ್ತಕದಿಂದ ಹಾಗೇ ಎತ್ತಿಕೊಂಡು ಕೇಳಿದರೆ, ತಪ್ಪಿಗೆ ಇನ್ನೊಂದು ಪದರ ಬಣ್ಣ ಬಳಿದಂತೆ.

ಗೋಳಗುಮ್ಮಟಕ್ಕೆ ಈ ಸುಳ್ಳು ಪಟ್ಟ ಬೇಕಾಗಿಯೇ ಇಲ್ಲ ಎಂಬುದು ನನ್ನ ದೃಢ ಅನಿಸಿಕೆ. ಒಳಗಿನ ಚೌಕ ನೆಲ ಸುಮಾರು 18 ಸಾವಿರ ಚದರ ಅಡಿ. ಒಂದು ಕಂಬದ ಆಸರೆಯೂ ಇಲ್ಲ. ಪ್ಯಾಂಥಿಯಾನ್‌ನ ವೃತ್ತಾಕಾರದ ನೆಲ ಸುಮಾರು 16 ಸಾವಿರ. ಕಡಿಮೆ ಅಗಲದ ಗುಮ್ಮಟದಿಂದ ಹೆಚ್ಚು ನೆಲ ಮುಚ್ಚಿದ್ದು ಹೇಗೆ? ನಾಲ್ಕು ಗೋಡೆಗಳ ಒಳಗೆ ಎಂಟು ಕಮಾನುಗಳನ್ನು ಒಂದರೊಳಗೊಂದು ಹಾಯುವಂತೆ ಎಬ್ಬಿಸಿದ್ದಾರೆ. ಓರೆಯಾಗಿ ಇಟ್ಟ ಎರಡು ಚೌಕಗಳು ಸೇರಿ ನಕ್ಷತ್ರವಾದಂತೆ ಅದರ ನಕಾಶೆ. ಮೇಲಕ್ಕೆ ಹೋದಂತೆ ಚೌಕ ಕಿರಿದಾಗಿ ದುಂಡಗಾಗುತ್ತದೆ, ಅದರ ಮೇಲೆ ಗುಮ್ಮಟ ಕೂರುತ್ತದೆ. ಗುಮ್ಮಟದ ಬುಡ ಹೊರಕ್ಕೆ ನೂಕುತ್ತದೆ. ಒಳಕ್ಕೆ ಚಾಚಿಕೊಂಡ ಈ ಕಮಾನುಗಳ ಭಾರ ಆ ನೂಕಾಟವನ್ನು ತಡೆಯುತ್ತದೆ. 1656ರಲ್ಲಿ ಮುಹಮ್ಮದ್ ಆದಿಲ್‌ಶಾಹ್ ತೀರಿಕೊಳ್ಳುವ ಹೊತ್ತಿಗೆ ವಿಜಯಪುರದ ಕುಶಲಿಗಳು ಈ ಲೆಕ್ಕವನ್ನು ಕಲ್ಲು ಗಾರೆಯಲ್ಲಿ ಬಿಡಿಸಿದ್ದರು. ಕ್ವಿಜ್‌ನಲ್ಲಿ ಕೇಳಬೇಕಾದ ಪ್ರಶ್ನೆ ಇದು.

ತಪ್ಪು ನಂಬಿಕೆ ಎಷ್ಟು ಗಟ್ಟಿಯಾಗಿದ್ದರೆ ತಿದ್ದುವುದು ಅಷ್ಟು ಕಷ್ಟ ಎಂದು ನೀವು ಅಂದುಕೊಂಡಿರಬಹುದು. ಇಂಥ ಬಿಡಿ ಸಂಗತಿಗಳ ಮಟ್ಟಿಗೆ ಅದು ಉಲ್ಟಾ. ಬ್ರ್ಯಾಡಿ ಬಟರ್‌ಫೀಲ್ಡ್ ಮತ್ತು ಜಾನೆಟ್ ಮೆಟ್‌ಕಾಫ್ 2001ರಲ್ಲಿ ಕಂಡುಕೊಂಡಂತೆ, ಪೂರ್ತಿ ಭರವಸೆಯಿಂದ ಹೇಳಿದ ತಪ್ಪನ್ನು ತಿದ್ದಿದರೆ ಅದು ಹೆಚ್ಚು ಚೆನ್ನಾಗಿ ನಿಲ್ಲುತ್ತದೆ. ಅಚ್ಚರಿಯಾದಾಗ ಗಮನ ಪೂರ್ತಿ ಅಲ್ಲೇ ನೆಡುತ್ತದೆ. "ಎರಡನೇದು ಅಲ್ಲೇನ್ರಿ?" ಎಂದು ಬೆಚ್ಚಿದ ಹುಡುಗಿ ಮುಂದೆ ಅದನ್ನು ಮರೆಯುವುದು ಕಷ್ಟ. ಆದರೆ ತಿದ್ದುಪಡಿ ಅಲ್ಲೇ, ಆ ಗಳಿಗೆಯಲ್ಲೇ ಸಿಗಬೇಕು. ಕೆಲವು ಕಡೆ ಅಂಕ ಮಾತ್ರ ಹೇಳಿ ಮುಂದಿನ ಸುತ್ತಿಗೆ ಹೋಗುತ್ತಾರೆ. ಅದು ನನಗೆ ಸಂಕಟ ತರುತ್ತದೆ.

ಕ್ವಿಜ್ ಲೀಗ್ ಆಡುವ ಟೀಮುಗಳಿಗೆ ಇನ್ನೊಂದು ಮಾತು. ಗುಂಪಾಗಿ ಕೂತು ನೆನಪಿಸಿಕೊಂಡರೆ ಜಾಸ್ತಿ ಹೊಳೆಯುತ್ತದೆ ಅನ್ನಿಸುತ್ತದೆ, ಅಲ್ವಾ? ಒಬ್ಬರಿಗಿಂತ ಗುಂಪು ಮೇಲು, ಅದು ಸರಿ. ಆದರೆ ಅಷ್ಟೇ ಜನ ಬೇರೆ ಬೇರೆ ಕೂತು ಬರೆದಿದ್ದನ್ನು ಒಟ್ಟು ಮಾಡಿದರೆ, ಅದರಲ್ಲಿ ಕೂಡಿ ಕೂತವರು ಹೇಳಿದ್ದಕ್ಕಿಂತ ಹೆಚ್ಚು ಸಂಗತಿಗಳು ಸಿಗುತ್ತವೆ. 1990ರ ದಶಕದಿಂದ ಇದು ಪ್ರಯೋಗಗಳಲ್ಲಿ ಪದೇ ಪದೇ ಕಂಡಿದೆ. ಒಬ್ಬರ ಮಾತು ಇನ್ನೊಬ್ಬರ ಯೋಚನೆಯ ಜಾಡನ್ನು ಕಡಿದುಹಾಕುತ್ತದೆ. ರವಿಕೀರ್ತಿಗೆ ಒಂದೇ ಹೆಜ್ಜೆ ದೂರವಿದ್ದವರ ಕಿವಿಗೆ ರವಿವರ್ಮ ಬಿದ್ದರೆ ಆಗುವುದೂ ಅದೇ. ಆದ್ದರಿಂದ ಪ್ರಶ್ನೆ ಬಂದ ಕೂಡಲೇ ಯಾರೂ ಬಾಯಿ ಬಿಡಬೇಡಿ. ಮೊದಲ ಹತ್ತು ಸೆಕೆಂಡು ಪ್ರತಿಯೊಬ್ಬರೂ ತಮ್ಮ ತಮ್ಮ ಚೀಟಿಯಲ್ಲಿ ಹೊಳೆದಿದ್ದನ್ನು ಬರೆಯಿರಿ, ಅರ್ಧ ಪದವಾದರೂ ಸರಿ. ಆಮೇಲೆ ಚೀಟಿಗಳನ್ನು ನಡುವೆ ಹಾಕಿ ಮಾತಾಡಿ. ಟೀಮಿನಲ್ಲಿ ಎಲ್ಲರಿಗಿಂತ ಮೆತ್ತಗೆ ಮಾತಾಡುವವರ ಚೀಟಿಯನ್ನು ಮೊದಲು ಓದಿ.