ಸ್ಟ್ಯಾಕಿಂಗ್: ನೂರು ಫೋಟೋ ಸೇರಿ ಒಂದು ಆಕಾಶ

ನೆಬ್ಯುಲಾ (ಆಕಾಶದಲ್ಲಿನ ಅನಿಲ, ಧೂಳಿನ ಮೋಡ) ಅಥವಾ ಗ್ಯಾಲಕ್ಸಿಯ ಒಳ್ಳೆ ಫೋಟೋ ಹಾಕುವವರು ಅದರ ಕೆಳಗೆ ಇಂಥದ್ದೊಂದು ಸಾಲು ಬರೆದಿರುತ್ತಾರೆ: ‘120 × 30 ಸೆಕೆಂಡ್, ಐಎಸ್‌ಓ 800, 30 ಡಾರ್ಕ್, 25 ಫ್ಲ್ಯಾಟ್’. ಅಂದರೆ ಆ ಚಿತ್ರ ಒಂದೇ ಕ್ಲಿಕ್‌ನಲ್ಲಿ ಬಂದದ್ದಲ್ಲ. 30 ಸೆಕೆಂಡಿನ 120 ಫೋಟೋಗಳನ್ನು ಒಂದರ ಮೇಲೊಂದು ಕೂರಿಸಿದ್ದಾರೆ. ಒಂದು ಗಂಟೆಯ ಬೆಳಕು ಒಂದೇ ಚಿತ್ರದಲ್ಲಿ ಸೇರಿದೆ. ಈ ಕೆಲಸಕ್ಕೆ ಸ್ಟ್ಯಾಕಿಂಗ್ ಅನ್ನುತ್ತಾರೆ. ರಾತ್ರಿ ಆಕಾಶದ ಫೋಟೋ ಹವ್ಯಾಸಕ್ಕೆ ಇಳಿಯುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದ ಪದ ಇದೇ ಅಂತ ನನ್ನ ಅಭಿಪ್ರಾಯ.

ಇದನ್ನು ಕೇಳಿದ ಕೂಡಲೇ ಎಷ್ಟೋ ಜನ ‘ಓ, ಹಾಗಾದ್ರೆ ಎಡಿಟ್ ಮಾಡಿದ್ದು’ ಅಂದುಬಿಡುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಸ್ಟ್ಯಾಕಿಂಗ್ ಹೊಸದೇನನ್ನೂ ಬರೆದು ಸೇರಿಸುವುದಿಲ್ಲ. ಆಕಾಶದಲ್ಲಿ ಇಲ್ಲದೆ ಫೋಟೋದಲ್ಲಿ ಬಂದು ಕೂತ ಕಸವನ್ನು ತೆಗೆಯುತ್ತದೆ, ಅಷ್ಟೇ. ಒಂದೇ ಕ್ಲಿಕ್ಕಿನ ಚಿತ್ರಕ್ಕಿಂತ ಸ್ಟ್ಯಾಕ್ ಮಾಡಿದ ಚಿತ್ರವೇ ಹೆಚ್ಚು ನಿಜ.

ಆಂಡ್ರೊಮಿಡಾ ಗ್ಯಾಲಕ್ಸಿಯನ್ನೇ ತೆಗೆದುಕೊಳ್ಳಿ. ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಅದರ ಹೊರಗಿನ ತೋಳುಗಳಿಂದ ಕ್ಯಾಮೆರಾದ ಒಂದು ಪಿಕ್ಸೆಲ್‌ಗೆ ಬರುವ ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ತೀರಾ ಕಡಿಮೆ. ಅವೂ ಒಂದೇ ಸಮನೆ ಬರುವುದಿಲ್ಲ. ಸೋನೆ ಮಳೆಯಲ್ಲಿ ಅಂಗಳದಲ್ಲಿ ಎರಡು ಬಟ್ಟಲು ಇಟ್ಟರೆ ಮೊದಲ ಒಂದೆರಡು ಕ್ಷಣದಲ್ಲಿ ಒಂದಕ್ಕೆ ಮೂರು ಹನಿ, ಇನ್ನೊಂದಕ್ಕೆ ಆರು ಹನಿ ಬೀಳಬಹುದು. ಅಷ್ಟಕ್ಕೇ ನೋಡಿದರೆ ಎರಡು ಕಡೆ ಬೇರೆ ಬೇರೆ ಮಳೆ ಅನ್ನಿಸುತ್ತದೆ. ರಾತ್ರಿಯೆಲ್ಲ ಬಿಟ್ಟರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ. ಪಿಕ್ಸೆಲ್‌ಗಳ ಕಥೆಯೂ ಇದೇ. ಒಂದು ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ಕಾಣುವ ಕಾಳುಕಾಳಾದ ನಾಯ್ಸ್‌ನಲ್ಲಿ ದೊಡ್ಡ ಪಾಲು ಈ ಏರುಪೇರು. ಇದರ ಜೊತೆಗೆ ಸೆನ್ಸರ್‌ನ ಬಿಸಿಯಿಂದ, ಅದನ್ನು ಓದುವ ಸರ್ಕ್ಯೂಟ್‌ನಿಂದ ಬರುವ ನಾಯ್ಸ್ ಬೇರೆ.

ಲೆಕ್ಕ ಸರಳ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ ಬರಬೇಕಿದ್ದರೆ ಸಾಮಾನ್ಯವಾಗಿ 10ರಷ್ಟು ಹೆಚ್ಚುಕಡಿಮೆ ಆಗುತ್ತದೆ, ಅಂದರೆ ಶೇ 10. ಅದೇ 10,000 ಫೋಟಾನ್ ಕೂಡಿಸಿದರೆ ಏರುಪೇರು 100. ಅದು ಬರೀ ಶೇ 1. ಬೆಳಕು ಫೋಟೋಗಳ ಸಂಖ್ಯೆಯಷ್ಟೇ ಪಟ್ಟು ಬೆಳೆಯುತ್ತದೆ, ನಾಯ್ಸ್ ಆ ಸಂಖ್ಯೆಯ ವರ್ಗಮೂಲದಷ್ಟು ಮಾತ್ರ. ಹೀಗಾಗಿ 4 ಫೋಟೋ ಸರಾಸರಿ ಮಾಡಿದರೆ ನಾಯ್ಸ್ ಅರ್ಧ, 16ಕ್ಕೆ ಕಾಲು, 100ಕ್ಕೆ ಹತ್ತನೇ ಒಂದು ಭಾಗ. ಇದೇ ಲೆಕ್ಕದ ಇನ್ನೊಂದು ಮುಖವೂ ಇದೆ. ಒಂದು ಗಂಟೆಯ ಚಿತ್ರಕ್ಕಿಂತ ಎರಡು ಪಟ್ಟು ನಯವಾದದ್ದು ಬೇಕೆಂದರೆ ಎರಡು ಗಂಟೆ ಸಾಲದು, ನಾಲ್ಕು ಗಂಟೆ ಬೇಕು. ಆದ್ದರಿಂದಲೇ ಕೆಲವರು ಒಂದೇ ನೆಬ್ಯುಲಾವನ್ನು ವಾರಗಟ್ಟಲೆ ತೆಗೆಯುತ್ತಾ ಕೂರುತ್ತಾರೆ.

ಹಾಗಿದ್ದರೆ ಒಂದೇ ಸಲ ಒಂದು ಗಂಟೆ ಶಟರ್ ತೆರೆದಿಟ್ಟರೆ ಆಗಲ್ವಾ? ಹಿಂದೆ ಮಾಡುತ್ತಿದ್ದದ್ದು ಅದನ್ನೇ. ಅಮೆರಿಕದ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ಒರಾಯನ್ ನೆಬ್ಯುಲಾದ ಮೊದಲ ಫೋಟೋ ತೆಗೆದಾಗ ಗಾಜಿನ ಪ್ಲೇಟನ್ನು 51 ನಿಮಿಷ ತೆರೆದಿಟ್ಟಿದ್ದರು. ಆ ಹೊತ್ತಿನಲ್ಲಿ ಟೆಲಿಸ್ಕೋಪ್ ಸ್ವಲ್ಪ ಅಲುಗಿದ್ದರೂ ಇಡೀ ಪ್ಲೇಟ್ ಹಾಳಾಗುತ್ತಿತ್ತು. ಚಿಕ್ಕ ಚಿಕ್ಕ ಫೋಟೋ ತೆಗೆದರೆ ಈ ಭಯವಿಲ್ಲ. ಗಾಳಿ ಬೀಸಿತಾ, ಯಾರೋ ಟಾರ್ಚ್ ಹಾಕಿದರಾ, ಆ ಒಂದನ್ನು ಎಸೆದರಾಯಿತು. ಇದಲ್ಲದೆ ತುಂಬಾ ಹೊತ್ತು ತೆರೆದಿಟ್ಟರೆ ಪ್ರಕಾಶಮಾನ ನಕ್ಷತ್ರಗಳು ಬಣ್ಣ ಕಳೆದುಕೊಂಡು ಬರೀ ಬಿಳಿ ಚುಕ್ಕೆ ಆಗಿಬಿಡುತ್ತವೆ.

ಭೂಮಿ ತಿರುಗುವುದು ಇನ್ನೊಂದು ಕಾರಣ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಸುಮ್ನೆ ಟ್ರೈಪಾಡ್ ಮೇಲಿಟ್ಟ ಕ್ಯಾಮೆರಾದಲ್ಲಿ ನಕ್ಷತ್ರಗಳು ಕೆಲವೇ ಸೆಕೆಂಡಿನಲ್ಲಿ ಗೆರೆಯಾಗುತ್ತವೆ. ಇದನ್ನು ಸರಿದೂಗಿಸಲು ಆಕಾಶದ ಜೊತೆಗೇ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಬೇಕು. ಅದರ ಅಕ್ಷ ಆಕಾಶದ ಉತ್ತರ ಧ್ರುವದ ಕಡೆ ಸರಿಯಾಗಿ ಮುಖ ಮಾಡಿರಬೇಕು. ಬೆಂಗಳೂರಿನಿಂದ ನೋಡಿದರೆ ಆ ಜಾಗಕ್ಕೆ ಗುರುತಾದ ಧ್ರುವ ನಕ್ಷತ್ರ ದಿಗಂತದಿಂದ ಮೇಲಕ್ಕೆ ಸುಮಾರು 13 ಡಿಗ್ರಿ ಮಾತ್ರ. ಬೀದರ್‌ಗೆ ಹೋದರೂ 18ರ ಹತ್ತಿರ. ಒಂದು ಮರ, ಒಂದು ಅಪಾರ್ಟ್‌ಮೆಂಟ್, ಒಂದಿಷ್ಟು ಮಂಜು ಸಾಕು, ಅದು ಕಾಣದಂತಾಗಲು. ಯೂರೋಪಿನವರು ಬರೆದ ಸೂಚನೆಗಳಲ್ಲಿ ಈ ಕಷ್ಟದ ಮಾತು ಜಾಸ್ತಿ ಇರುವುದಿಲ್ಲ, ಯಾಕೆಂದರೆ ಅವರಿಗೆ ಧ್ರುವ ನಕ್ಷತ್ರ ತುಂಬಾ ಎತ್ತರದಲ್ಲಿದೆ. ಟ್ರ್ಯಾಕರ್ ಅಲ್ಪಸ್ವಲ್ಪ ತಪ್ಪಿದರೂ ಚಿಕ್ಕ ಫೋಟೋಗಳಲ್ಲಿ ನಕ್ಷತ್ರ ದುಂಡಗೇ ಉಳಿಯುತ್ತದೆ. ನಮ್ಮ ಕಡೆಯವರಿಗೆ ಸ್ಟ್ಯಾಕಿಂಗ್ ಇನ್ನಷ್ಟು ಬೇಕಾಗುವುದು ಇದಕ್ಕೇ.

ಸಾಫ್ಟ್‌ವೇರ್ ಮಾಡುವ ಕೆಲಸ ಹೀಗಿದೆ. ಪ್ರತಿ ಫೋಟೋದಲ್ಲೂ ನಕ್ಷತ್ರಗಳನ್ನು ಹುಡುಕುತ್ತದೆ. ಅವುಗಳ ಜೋಡಣೆ ನೋಡಿ ಫೋಟೋಗಳನ್ನು ಸರಿಸಿ, ತಿರುಗಿಸಿ, ಒಂದರ ನಕ್ಷತ್ರ ಇನ್ನೊಂದರ ಅದೇ ನಕ್ಷತ್ರದ ಮೇಲೆ ಕೂರುವಂತೆ ಮಾಡುತ್ತದೆ. ಆಮೇಲೆ ಪ್ರತಿ ಪಿಕ್ಸೆಲ್‌ಗೂ ಸರಾಸರಿ ತೆಗೆಯುತ್ತದೆ. ನನಗೆ ತುಂಬಾ ಇಷ್ಟವಾದ ಹಂತ ಇಲ್ಲಿದೆ. 120 ಫೋಟೋಗಳಲ್ಲಿ 119 ಒಂದು ಜಾಗ ಕಪ್ಪು ಅನ್ನುತ್ತವೆ, ಒಂದು ಮಾತ್ರ ಬಿಳಿ ಅನ್ನುತ್ತದೆ ಅಂದುಕೊಳ್ಳಿ. ಆ ಒಂದರಲ್ಲಿ ವಿಮಾನವೋ ಉಪಗ್ರಹವೋ ಹಾದುಹೋಗಿರುತ್ತದೆ. ಉಳಿದವುಗಳಿಂದ ತೀರಾ ದೂರ ಇರುವ ಆ ಬೆಲೆಯನ್ನು ಸಾಫ್ಟ್‌ವೇರ್ ಲೆಕ್ಕದಿಂದಲೇ ಬಿಡುತ್ತದೆ. ಇದಕ್ಕೆ ಸಿಗ್ಮಾ ಕ್ಲಿಪ್ಪಿಂಗ್ ಅಂತ ಹೆಸರು. ಸ್ಟಾರ್‌ಲಿಂಕ್ ಉಪಗ್ರಹಗಳು ಸಾವಿರಾರು ಸಂಖ್ಯೆಯಲ್ಲಿ ಓಡಾಡುವ ಈಗಿನ ಆಕಾಶದಲ್ಲಿ ಇದಿಲ್ಲದೆ ಕೆಲಸ ಸಾಗುವುದು ಕಷ್ಟ.

ಇನ್ನು ಆ ಸಾಲಿನಲ್ಲಿದ್ದ ಡಾರ್ಕ್ ಮತ್ತು ಫ್ಲ್ಯಾಟ್. ಲೆನ್ಸ್ ಮುಚ್ಚಳ ಹಾಕಿ, ಅದೇ ಐಎಸ್‌ಓ (ಬೆಳಕಿನ ಸೂಕ್ಷ್ಮತೆಯ ಸೆಟ್ಟಿಂಗ್), ಅಷ್ಟೇ ಸೆಕೆಂಡ್, ಅದೇ ತಾಪಮಾನದಲ್ಲಿ ತೆಗೆದ ಫೋಟೋ ಡಾರ್ಕ್. ಅದರಲ್ಲಿ ಕಾಣುವುದೆಲ್ಲ ಸೆನ್ಸರ್‌ನ ಸ್ವಂತದ್ದು, ಅದನ್ನು ಕಳೆಯಬೇಕು. ಒಂದೇ ಸಮನೆ ಬೆಳಕಿರುವ ಬಿಳಿ ಹಿನ್ನೆಲೆಯ ಫೋಟೋ ಫ್ಲ್ಯಾಟ್. ಲೆನ್ಸ್ ಮುಂದೆ ಬಿಳಿ ಟೀಶರ್ಟ್ ಬಿಗಿಯಾಗಿ ಹಿಡಿದು ನಸುಕಿನ ಆಕಾಶದ ಕಡೆ ತಿರುಗಿಸಿ ತೆಗೆಯುವುದು ರೂಢಿ. ಫೋಕಸ್ ಮಾತ್ರ ಮುಟ್ಟಬಾರದು. ಸೆನ್ಸರ್ ಮೇಲಿನ ಧೂಳಿನ ಗುರುತು, ಮೂಲೆಗಳ ಕತ್ತಲೆ ಎಲ್ಲ ಇದರಿಂದ ಹೋಗುತ್ತದೆ. ಹೊಸಬರು ಡಾರ್ಕ್ ತೆಗೆದು ಫ್ಲ್ಯಾಟ್ ಬಿಟ್ಟುಬಿಡುತ್ತಾರೆ. ಎರಡರಲ್ಲಿ ಒಂದನ್ನೇ ತೆಗೆಯಲು ಹೊತ್ತಿದ್ದರೆ ನಾನು ಫ್ಲ್ಯಾಟನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ.

ಗ್ರಹಗಳಿಗೆ ದಾರಿ ಬೇರೆ. ಅಲ್ಲಿ ಬೆಳಕಿಗೆ ಕೊರತೆಯಿಲ್ಲ, ತೊಂದರೆ ಕೊಡುವುದು ನಮ್ಮ ವಾತಾವರಣದ ಅಲುಗಾಟ. ವಿಡಿಯೋ ಮಾಡಿ, ಸಾವಿರಾರು ಫ್ರೇಮ್‌ಗಳಲ್ಲಿ ಚೂಪಾಗಿ ಬಂದವನ್ನು ಮಾತ್ರ ಹೆಕ್ಕಿ ಸ್ಟ್ಯಾಕ್ ಮಾಡುತ್ತಾರೆ.

ದೊಡ್ಡ ವಿಜ್ಞಾನವೂ ಇದೇ ದಾರಿ ಹಿಡಿದಿದೆ. 1995ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕ ಆಕಾಶದ ಒಂದು ಖಾಲಿ ಜಾಗವನ್ನು ಹತ್ತು ದಿನ ನೋಡಿ 342 ಫೋಟೋ ತೆಗೆಯಿತು. ಅವನ್ನು ಕೂಡಿಸಿದಾಗ ಸುಮಾರು 3,000 ಗ್ಯಾಲಕ್ಸಿಗಳು ಕಂಡವು. ಅದನ್ನು ಎಡಿಟ್ ಮಾಡಿದ್ದು ಅಂತ ಯಾರೂ ತಳ್ಳಿಹಾಕುವುದಿಲ್ಲ. ನಿಮ್ಮ ಜೇಬಿನಲ್ಲೂ ಇದು ಇರಬಹುದು. 2019ರಲ್ಲಿ ಗೂಗಲ್ ಪಿಕ್ಸೆಲ್ 4 ಫೋನ್ ಜೊತೆ ಬಂದ ನಕ್ಷತ್ರದ ಮೋಡ್ 16 ಸೆಕೆಂಡಿನ 15 ಫೋಟೋಗಳವರೆಗೆ ತೆಗೆದು ತಾನೇ ಕೂಡಿಸುತ್ತಿತ್ತು.

ಸ್ಟ್ಯಾಕಿಂಗ್‌ಗೂ ಮಿತಿಯಿದೆ. ಊರಿನ ದೀಪಗಳಿಂದ ಬೆಳಗಿದ ಆಕಾಶದ ಹೊಳಪನ್ನು ಸಾಫ್ಟ್‌ವೇರ್‌ನಲ್ಲಿ ಕಳೆಯಬಹುದು. ಆದರೆ ಆ ಬೆಳಕು ತಂದ ನಾಯ್ಸ್ ಕಳೆಯಲು ಬರುವುದಿಲ್ಲ, ಅದು ಅಲ್ಲೇ ಉಳಿಯುತ್ತದೆ. ಮಸುಕಾದ ವಸ್ತುವೊಂದನ್ನು ತೆಗೆಯುವಾಗ ಆಕಾಶ ಕತ್ತಲೆ ಜಾಗಕ್ಕಿಂತ 10 ಪಟ್ಟು ಹೊಳೆಯುತ್ತಿದ್ದರೆ ಅಷ್ಟೇ ಒಳ್ಳೆಯ ಚಿತ್ರಕ್ಕೆ ಸುಮಾರು 10 ಪಟ್ಟು ಹೊತ್ತು ಬೇಕು. ಕತ್ತಲೆ ಹಳ್ಳಿಯಲ್ಲಿ ಒಂದು ಗಂಟೆಗೆ ಸಿಗುವುದು ನಗರದ ತಾರಸಿಯಲ್ಲಿ ಎರಡು ಮೂರು ರಾತ್ರಿ ಕಳೆದರೆ ಸಿಕ್ಕೀತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ತನ್ನ ಒಂದು ದೂರದರ್ಶಕವನ್ನು ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ಇಟ್ಟು, ಹೊಸಕೋಟೆಯಿಂದ ನಡೆಸುತ್ತದೆ. ಕತ್ತಲೆಗೂ ತಿಳಿ ಆಕಾಶಕ್ಕೂ ಅಷ್ಟು ಬೆಲೆ ಇದೆ.

ಶುರು ಮಾಡುವವರಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒರಾಯನ್ ನೆಬ್ಯುಲಾ ಒಳ್ಳೆಯದು. ನಮ್ಮಲ್ಲಿ ಅದು ನೆತ್ತಿಯ ಹತ್ತಿರ ಬರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಟ್ರೈಪಾಡ್ ಸಾಕು. ರಾ ಫೈಲ್ (ಕ್ಯಾಮೆರಾ ಜೆಪಿಜಿ ಮಾಡದ ಮೂಲ ಫೈಲ್) ಇಟ್ಟುಕೊಂಡು 6 ಸೆಕೆಂಡಿನ 200 ಫೋಟೋ ತೆಗೆದರೆ 20 ನಿಮಿಷದ ಬೆಳಕು. ನಡುನಡುವೆ ನೆಬ್ಯುಲಾವನ್ನು ಮತ್ತೆ ಮಧ್ಯಕ್ಕೆ ತನ್ನಿ. ಹಾಗೆ ಸರಿಸಿದ್ದರಿಂದ ಸೆನ್ಸರ್‌ನ ಕೆಟ್ಟ ಪಿಕ್ಸೆಲ್‌ಗಳು ಪ್ರತಿ ಸಲ ಬೇರೆ ಜಾಗಕ್ಕೆ ಬೀಳುತ್ತವೆ, ಸ್ಟ್ಯಾಕ್‌ನಲ್ಲಿ ಮಾಯವಾಗುತ್ತವೆ. ಸ್ಟ್ಯಾಕ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎರಡೂ ಉಚಿತ. ಸ್ಟ್ಯಾಕ್ ಮುಗಿದ ಮೇಲೆ ತೆರೆ ಬಹುಪಾಲು ಕಪ್ಪಾಗಿಯೇ ಕಾಣುತ್ತದೆ. ಕೆಲಸ ಕೆಟ್ಟಿತು ಅಂದುಕೊಂಡು ಅಳಿಸಬೇಡಿ. ಬೆಳಕು ಆ ಫೈಲ್‌ನಲ್ಲೇ ಇದೆ. ಕಣ್ಣಿಗೆ ಕಾಣುವಂತೆ ಅದನ್ನು ಮೇಲೆತ್ತುವ ಹಂತಕ್ಕೆ ಸ್ಟ್ರೆಚಿಂಗ್ ಅನ್ನುತ್ತಾರೆ. ಅದು ಇದರ ಮುಂದಿನ ಕೆಲಸ.