ಹಿಮದ ಮೇಲೆ ನಿಂತವರಿಗೂ ಬಾಯಾರಿಕೆಯೇ?

ಪ್ರಶ್ನೆ: ಅಂಟಾರ್ಕ್ಟಿಕಾದಲ್ಲಿ ಕಾಲಿಟ್ಟಲ್ಲೆಲ್ಲ ಹಿಮ. ಹಿಮವೆಂದರೆ ಹೆಪ್ಪುಗಟ್ಟಿದ ನೀರೇ ಅಲ್ಲವೇ? ಹಾಗಿದ್ದರೂ ಅಲ್ಲಿಗೆ ಹೋದ ಅನ್ವೇಷಕರು ನೀರಿಲ್ಲದೆ ಒದ್ದಾಡಿದರು ಎನ್ನುತ್ತಾರೆ. ಒಂದು ಹಿಡಿ ಹಿಮ ಬಾಯಿಗೆ ಹಾಕಿಕೊಂಡರೆ ಆಗುತ್ತಿರಲಿಲ್ಲವೇ?
– ಎಂಟನೇ ತರಗತಿಯ ವಿದ್ಯಾರ್ಥಿನಿ, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಧ್ರುವಯಾತ್ರೆಯ ಕಥೆ ಹೇಳಿದಾಗಲೆಲ್ಲ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಇದು. ಬೇಸಿಗೆ ಬಂದರೆ ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಮಂಜುಗಡ್ಡೆ ಕರಗುವುದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಹೊರಗಿಟ್ಟರೆ ಸಾಕು, ತಾನಾಗಿ ನೀರಾಗುತ್ತದೆ. ಆ ಕೆಲಸವನ್ನು ಇಲ್ಲಿ ಸೂರ್ಯ ಬಿಟ್ಟಿಯಾಗಿ ಮಾಡಿಕೊಡುತ್ತಾನೆ. ಅಂಟಾರ್ಕ್ಟಿಕಾದಲ್ಲಿ ಅದಕ್ಕೆ ಬೆಲೆ ತೆರಬೇಕು.

ಎಷ್ಟು ಬೆಲೆ ಎಂಬುದನ್ನು ನೀನೇ ಅಳೆದು ನೋಡಬಹುದು. ಸ್ಟೀಲ್ ಲೋಟದಲ್ಲಿ ಐಸ್ ತುಂಡುಗಳನ್ನು ಹಾಕಿ, ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್ ಇಟ್ಟು ಕಲಕುತ್ತಿರು. ಸುತ್ತಲಿನ ಗಾಳಿ ಎಷ್ಟೇ ಬಿಸಿಯಿರಲಿ, ಕೊನೆಯ ತುಂಡು ಕರಗುವವರೆಗೂ ಪಾದರಸ ಸೊನ್ನೆಯ ಆಸುಪಾಸಿನಲ್ಲೇ ನಿಂತಿರುತ್ತದೆ. ಒಳಗೆ ಹೋಗುವ ಶಾಖವೆಲ್ಲ ನೀರಿನ ಕಣಗಳನ್ನು ಬಿಗಿಹಿಡಿದ ಕಟ್ಟು ಬಿಡಿಸುವುದಕ್ಕೇ ಖರ್ಚಾಗುತ್ತದೆ. ಮುಂದಿನ ತರಗತಿಯಲ್ಲಿ ಇದನ್ನು ಗುಪ್ತೋಷ್ಣ ಎಂಬ ಹೆಸರಿನಲ್ಲಿ ಓದುತ್ತೀಯ. ಒಂದು ಕಿಲೋ ಮಂಜುಗಡ್ಡೆಯನ್ನು ಬರೀ ಕರಗಿಸಲು 80 ಕಿಲೋಕ್ಯಾಲರಿ ಬೇಕು. ಅಷ್ಟೇ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಹುದು.

ಈಗ ನೀನು ಹೇಳಿದ ಒಂದು ಹಿಡಿ ಹಿಮಕ್ಕೆ ಬರೋಣ. ಮೈನಸ್ 20 ಡಿಗ್ರಿಯ ಹಿಮವನ್ನು ನುಂಗಿದರೆ ಅದನ್ನು ಮೊದಲು ಸೊನ್ನೆಗೆ ತರಬೇಕು, ಆಮೇಲೆ ಕರಗಿಸಬೇಕು, ಆಮೇಲೆ ಮೈಯ ಬಿಸಿಗೆ, ಅಂದರೆ 37 ಡಿಗ್ರಿಗೆ ಏರಿಸಬೇಕು. ಕಿಲೋಗೆ ಸುಮಾರು 127 ಕಿಲೋಕ್ಯಾಲರಿ. ದಿನಕ್ಕೆ ನಾಲ್ಕು ಲೀಟರ್ ನೀರು ಹೀಗೆ ಪಡೆಯಲು ಹೊರಟವನು ಸುಮಾರು ಮೂರು ಜೋಳದ ರೊಟ್ಟಿಯ ಶಕ್ತಿಯನ್ನು ಹಿಮಕ್ಕೇ ಕೊಟ್ಟುಬಿಡುತ್ತಾನೆ. ಅರೆಹೊಟ್ಟೆಯಲ್ಲಿ ಹಿಮಬಂಡಿ ಎಳೆಯುವವನಿಗೆ ಆ ಮೂರು ರೊಟ್ಟಿ ದೊಡ್ಡದು. ತುಟಿ, ನಾಲಿಗೆ ಒಡೆದು ಹುಣ್ಣಾಗುವುದು ಬೇರೆ. ಜೊತೆಗೆ, ಹೊಸದಾಗಿ ಬಿದ್ದ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿಯೇ. ಹತ್ತು ಕೊಡ ಹಿಮ ಕರಗಿಸಿದರೆ ಸುಮಾರು ಒಂದು ಕೊಡ ನೀರು ಸಿಗಬಹುದು. ಅಲ್ಲಿನ ಗಾಳಿಯೋ ವಿಪರೀತ ಒಣಗಾಳಿ; ಪ್ರತಿ ಉಸಿರಿಗೂ ಮೈಯ ತೇವವನ್ನು ಹೊತ್ತೊಯ್ಯುತ್ತದೆ.

ಆದ್ದರಿಂದ ಧ್ರುವಪ್ರದೇಶದಲ್ಲಿ ನೀರು ಎಂದರೆ ಸೀಮೆಎಣ್ಣೆ ಎಂದೇ ತಿಳಿಯಬೇಕು. ಎಣ್ಣೆ ಇರುವಷ್ಟು ದಿನ ನೀರು. ಆ ಕಾಲದ ಯಾತ್ರಿಕರು ಬಳಸಿದ್ದು ಸ್ವೀಡನ್ನಿನಲ್ಲಿ 1892ರ ಹೊತ್ತಿಗೆ ಬಂದ ಪ್ರೈಮಸ್ ಸ್ಟವ್. ನಿಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಭರ್ ಎಂದು ಉರಿಯುತ್ತಿದ್ದ ಪಂಪ್ ಸ್ಟವ್ ಇದರದೇ ವಂಶ. ನಾರ್ವೆಯ ಅನ್ವೇಷಕ ನಾನ್ಸೆನ್ ಅದರ ಮೇಲೆ ಕೂರುವಂಥ ಪಾತ್ರೆಯನ್ನು ರೂಪಿಸಿದರು. ಒಳಪಾತ್ರೆಯಲ್ಲಿ ಅಡುಗೆ ಬೇಯುವಾಗ ಪಕ್ಕದಿಂದ ತಪ್ಪಿಸಿಕೊಳ್ಳುವ ಬಿಸಿ, ಸುತ್ತಲಿನ ಹೊರಪಾತ್ರೆಯಲ್ಲಿ ತುಂಬಿದ ಹಿಮವನ್ನು ಕರಗಿಸುತ್ತಿತ್ತು. ಹನಿ ಎಣ್ಣೆಯೂ ವ್ಯರ್ಥವಾಗಬಾರದೆಂಬ ಈ ಜಾಣತನವನ್ನು ನಾನು ಯಾವ ಶಿಖರಾರೋಹಣಕ್ಕಿಂತಲೂ ಕಡಿಮೆಯೆಂದು ಎಣಿಸುವುದಿಲ್ಲ.

ಎಣ್ಣೆ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ರಾಬರ್ಟ್ ಸ್ಕಾಟ್ ಅವರ ತಂಡದ ಕಥೆ ಸಾಕು. 1912ರ ಜನವರಿ 17ರಂದು ಐವರು ದಕ್ಷಿಣ ಧ್ರುವ ತಲುಪಿದರು. ನಾರ್ವೆಯ ಅಮುಂಡ್ಸೆನ್ ಒಂದು ತಿಂಗಳು ಮೊದಲೇ, 1911ರ ಡಿಸೆಂಬರ್ 14ರಂದು, ಅಲ್ಲಿಗೆ ಮುಟ್ಟಿಯಾಗಿತ್ತು. ನಿರಾಶೆ ಹೊತ್ತು ಹಿಂದಿರುಗುವಾಗ ಸ್ಕಾಟ್ ತಂಡಕ್ಕೆ ಆಸರೆಯಾಗಿದ್ದದ್ದು ದಾರಿಯುದ್ದಕ್ಕೂ ತಾವೇ ಹೂತಿಟ್ಟಿದ್ದ ಆಹಾರ ಮತ್ತು ಎಣ್ಣೆಯ ದಾಸ್ತಾನು. ಆದರೆ ಒಂದರ ಹಿಂದೊಂದು ದಾಸ್ತಾನು ತಲುಪಿದಂತೆ ಡಬ್ಬಿಗಳಲ್ಲಿ ಎಣ್ಣೆ ಕಡಿಮೆ ಇತ್ತು. ಯಾರೂ ಕದ್ದಿರಲಿಲ್ಲ. ಡಬ್ಬಿಯ ಮುಚ್ಚಳದೊಳಗಿನ ಚರ್ಮದ ವಾಷರ್ ಚಳಿಗೆ ಸೆಟೆದು ಸಂದು ಬಿಟ್ಟಿತ್ತು. ಆ ಸಂದಿನಿಂದ ಎಣ್ಣೆ ಆವಿಯಾಗಿ, ಸೋರಿ ಹೋಗಿತ್ತು. ಅಮುಂಡ್ಸೆನ್ ತಮ್ಮ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದರು.

ಎಣ್ಣೆ ಕಡಿಮೆಯಾದರೆ ನೀರು ಮಾತ್ರ ಕಡಿಮೆಯಾಗುವುದಿಲ್ಲ. ಅವರ ಊಟ ಒಣಮಾಂಸ, ಕೊಬ್ಬು ಬೆರೆಸಿದ ಪೆಮ್ಮಿಕನ್. ಅದನ್ನು ನೀರಲ್ಲಿ ಕುದಿಸಿ ಅಂಬಲಿಯಂತೆ ಕುಡಿಯಬೇಕು. ಎಣ್ಣೆ ಇಲ್ಲದಿದ್ದರೆ ಅದೂ ಇಲ್ಲ, ಒದ್ದೆ ಬಟ್ಟೆ ಒಣಗುವುದೂ ಇಲ್ಲ. ಐವರಲ್ಲಿ ಇವಾನ್ಸ್ ಫೆಬ್ರವರಿಯಲ್ಲಿ ತೀರಿಕೊಂಡರು. ಕಾಲು ಕೊಳೆಯತೊಡಗಿದ್ದ ಓಟ್ಸ್, ತನ್ನಿಂದ ಉಳಿದವರಿಗೆ ಹೊರೆಯಾಗಬಾರದೆಂದು, ಮಾರ್ಚ್‌ನಲ್ಲಿ ಗುಡಾರದಿಂದ ಹಿಮಗಾಳಿಗೆ ಹೊರನಡೆದರು. ಸ್ಕಾಟ್, ವಿಲ್ಸನ್, ಬೋವರ್ಸ್ ಮುಂದಿನ ದೊಡ್ಡ ದಾಸ್ತಾನಿಗೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಹಿಮಗಾಳಿಗೆ ಸಿಕ್ಕಿ ನಿಂತರು. ಸ್ಕಾಟ್ ಅವರ ಕೊನೆಯ ದಿನಚರಿಯಲ್ಲಿ ಲೆಕ್ಕವಿದೆ: ಮಾರ್ಚ್ 20ರಂದು ಉಳಿದಿದ್ದ ಎಣ್ಣೆ ತಲೆಗೆ ಎರಡು ಕಪ್ ಚಹಾ ಮಾಡುವಷ್ಟು. ಚಳಿ, ಹಸಿವು, ದಣಿವು ಎಲ್ಲ ಸೇರಿಯೇ ಅವರನ್ನು ಕೊಂದವು ಎಂಬುದು ನಿಜ. ಆದರೂ ಆ ಪುಟ್ಟ ಚರ್ಮದ ಬಿಲ್ಲೆಯನ್ನು ನಾನು ಪಟ್ಟಿಯಿಂದ ಬಿಡಲಾರೆ.

ಸಮುದ್ರದಲ್ಲಿ ಪಾಡು ಬೇರೆ. ಎಂಡ್ಯೂರೆನ್ಸ್ ಹಡಗು ಹಿಮಕ್ಕೆ ಸಿಕ್ಕಿ 1915ರ ನವೆಂಬರ್‌ನಲ್ಲಿ ಮುಳುಗಿದ ಮೇಲೆ ತಂಡದ ನಾಯಕ, ಬ್ರಿಟನ್ನಿನ ಅರ್ನೆಸ್ಟ್ ಶ್ಯಾಕಲ್ಟನ್ ಸೇರಿ 28 ಮಂದಿ ತಿಂಗಳುಗಟ್ಟಲೆ ತೇಲುವ ಮಂಜಿನ ಹಾಳೆಯ ಮೇಲೆ ಬದುಕಿದರು. 1916ರ ಏಪ್ರಿಲ್‌ನಲ್ಲಿ ದೋಣಿ ಹತ್ತಿದಾಗ ಕರಗಿಸಲು ಮಂಜುಗಡ್ಡೆಯೇ ಸಾಲಲಿಲ್ಲ. ಬಾಯಾರಿಕೆ ತಾಳದೆ ಸೀಲ್ ಪ್ರಾಣಿಯ ಹಸಿಮಾಂಸ ಅಗಿದು ರಕ್ತ ಹೀರಿದರು. ಅದರ ಉಪ್ಪಿಗೆ ದಾಹ ಇಮ್ಮಡಿಯಾಯಿತು. ದೋಣಿಗಳು ಮುಟ್ಟಿದ ಎಲಿಫೆಂಟ್ ದ್ವೀಪದಿಂದ ಆರು ಮಂದಿ ನೆರವು ತರಲೆಂದು ಜೇಮ್ಸ್ ಕೇರ್ಡ್ ಎಂಬ ದೋಣಿಯಲ್ಲಿ ಹೊರಟಾಗ, ಎರಡು ನೀರಿನ ಪೀಪಾಯಿಗಳಲ್ಲಿ ಒಂದಕ್ಕೆ ಏಟು ಬಿದ್ದು ಸಮುದ್ರದ ನೀರು ಸೇರಿತು. ಕೊನೆಯ ದಿನಗಳಲ್ಲಿ ತಲೆಗೆ ಸಿಕ್ಕಿದ್ದು ಅರ್ಧ ಪಿಂಟ್, ಅಂದರೆ ಒಂದು ದೊಡ್ಡ ಲೋಟದಷ್ಟು ಸವುಳು ನೀರು. ಸಮುದ್ರದ ನೀರನ್ನೇ ಏಕೆ ಕುಡಿಯಲಿಲ್ಲ ಎಂದು ಕೇಳುವೆಯಾ? ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ಅದು. ಆ ಉಪ್ಪನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುತ್ತದೆ. ಮೇ 10ರಂದು ದಕ್ಷಿಣ ಜಾರ್ಜಿಯಾ ದ್ವೀಪದ ದಡ ಮುಟ್ಟಿದ ಆರೂ ಮಂದಿ ಮೊದಲು ಮಾಡಿದ ಕೆಲಸ ಅಲ್ಲಿ ಹರಿಯುತ್ತಿದ್ದ ತೊರೆಗೆ ಬಾಯಿಟ್ಟದ್ದು. ಮುಂದೆ ಆ 28 ಮಂದಿಯಲ್ಲಿ ಒಬ್ಬರೂ ಸಾಯದೆ ಊರು ಸೇರಿದರು.

ಇಂದು ಭಾರತದ ವಿಜ್ಞಾನಿಗಳೂ ಅಂಟಾರ್ಕ್ಟಿಕಾದಲ್ಲಿ ವರ್ಷವಿಡೀ ಇರುತ್ತಾರೆ. ಮೈತ್ರಿ ಕೇಂದ್ರಕ್ಕೆ ನೀರು ಬರುವುದು ಪಕ್ಕದ ಪ್ರಿಯದರ್ಶಿನಿ ಸರೋವರದಿಂದ. 2012ರಲ್ಲಿ ಆರಂಭವಾದ ಭಾರತಿ ಕೇಂದ್ರದಲ್ಲಿ ಸಮುದ್ರದ ನೀರನ್ನೇ ಪಂಪ್ ಮಾಡಿ, ಒತ್ತಡದಿಂದ ತೆಳುಪೊರೆಯ ಮೂಲಕ ಹಾಯಿಸಿ ಉಪ್ಪು ಬೇರ್ಪಡಿಸುತ್ತಾರೆ. ಆ ಯಂತ್ರ ನೋಡಲು ನೀನು ಅಷ್ಟು ದೂರ ಹೋಗಬೇಕಿಲ್ಲ, ತಂಗಿ. ಫ್ಲೋರೈಡ್ ನೀರಿರುವ ನಮ್ಮ ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕೆಲಸ ಮಾಡುವುದೂ ಅದೇ ವಿಧಾನ. ಘಟಕದವರನ್ನು ಕೇಳಿದರೆ ಪೊರೆಯ ಕೊಳವೆಯನ್ನು ತೋರಿಸುತ್ತಾರೆ.